ಥೀಮ್ ಪಾರ್ಕ್ ಟಿಕೆಟ್ಟಿನಲ್ಲಿ ನಾವು ಕೊಳ್ಳುವುದೇನು? ಬಳ್ಳಾರಿಯಿಂದ ಹೊರಟ ಕುಟುಂಬದ ಲೆಕ್ಕ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ ಬೀಳುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ಆಗ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಗಲಿನಲ್ಲಿ ಮಕ್ಕಳು ಹೊರಗೆ ಆಡುವಂತಿಲ್ಲ, ಮನೆಯೊಳಗೆ ಹಿಡಿದು ಕೂರಿಸುವುದೂ ಕಷ್ಟ. ಅಂಥ ಹೊತ್ತಿನಲ್ಲಿ ಅವರು ನೀರಿನ ಆಟಗಳಿರುವ ಪಾರ್ಕಿನ ಹೆಸರೆತ್ತಿದರೆ ಬೇಡ ಎನ್ನಲು ತಂದೆತಾಯಿಗೆ ಮನಸ್ಸು ಬರುವುದಿಲ್ಲ. ರಾಯಚೂರಿನವರು ಹೈದರಾಬಾದಿನ ಕಡೆಗೆ, ಬಳ್ಳಾರಿ ಮತ್ತು ಕೊಪ್ಪಳದವರು ಹೆಚ್ಚಾಗಿ ಬೆಂಗಳೂರಿನ ಕಡೆಗೆ ಹೊರಡುತ್ತಾರೆ. ಹೋಗಿ ಬಂದವರ ಬಾಯಲ್ಲಿ ಕೇಳಿಬರುವ ಮಾತು ಮಾತ್ರ ಪ್ರತಿ ವರ್ಷ ಒಂದೇ: ಕೈಯಲ್ಲಿದ್ದ ದುಡ್ಡೆಲ್ಲ ಹೋಯಿತು, ಆಡಿದ್ದು ಐದಾರು ಆಟ.

ಎಲ್ಲದರ ಬೆಲೆಯೂ ಏರಿದೆ, ಇದರದ್ದೂ ಏರಿದೆ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಬೆಲೆಯ ಜೊತೆಗೆ ಮಾರಾಟದ ಸರಕೂ ಬದಲಾಗಿದೆ, ಆ ಸಂಗತಿ ಟಿಕೆಟ್ಟಿನ ಮೇಲೆ ಕಾಣುವುದಿಲ್ಲ. ಮೊದಲು ಒಂದು ಟಿಕೆಟ್ ಕೊಂಡರೆ ಇಡೀ ಪಾರ್ಕು ನಮ್ಮದಾಗುತ್ತಿತ್ತು. ಈಗ ಅದೇ ಟಿಕೆಟ್ ಬಾಗಿಲು ದಾಟಿಸುತ್ತದೆ. ಒಳಗೆ ಕಾಯದೆ ಆಡಬೇಕಾದರೆ ಸಮಯವನ್ನು ಬೇರೆಯಾಗಿ ಕೊಳ್ಳಬೇಕು. ಈ ಬದಲಾವಣೆಯ ಪೆಟ್ಟು ದೂರದಿಂದ ಹೋಗುವವರಿಗೆ, ಅಂದರೆ ನಮ್ಮ ಜಿಲ್ಲೆಗಳಂಥ ಕಡೆಯವರಿಗೆ, ಹೆಚ್ಚಾಗಿ ಬೀಳುತ್ತದೆ.

ಜಾತ್ರೆಯ ತೊಟ್ಟಿಲು, ಪಾರ್ಕಿನ ಬಾಗಿಲು

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋದವರಿಗೆ ಟಿಕೆಟ್ಟಿನ ಒಂದು ಪದ್ಧತಿ ಚೆನ್ನಾಗಿ ಗೊತ್ತಿರುತ್ತದೆ. ಜನವರಿಯಲ್ಲಿ ನಡೆಯುವ ಆ ಜಾತ್ರೆಯ ಬಯಲಿಗೆ ಕಾಲಿಡಲು ಯಾರೂ ದುಡ್ಡು ಕೇಳುವುದಿಲ್ಲ. ಮಠದ ದಾಸೋಹದಲ್ಲಿ ಊಟವೂ ಆಗುತ್ತದೆ. ಸುತ್ತಲಿನ ಹಳ್ಳಿಗಳು ಅದಕ್ಕೆಂದೇ ರೊಟ್ಟಿ ಮಾಡಿ ಕಳುಹಿಸುತ್ತವೆ. ತೊಟ್ಟಿಲು ಹತ್ತಬೇಕೆಂದರೆ ಅದಕ್ಕೊಂದು ಟಿಕೆಟ್, ಬ್ರೇಕ್ ಡ್ಯಾನ್ಸ್ ಯಂತ್ರದಲ್ಲಿ ಕೂರಬೇಕೆಂದರೆ ಇನ್ನೊಂದು. ಹತ್ತದವರು ಏನೂ ಕೊಡಬೇಕಾಗಿಲ್ಲ. ಅಜ್ಜಿ ಕೆಳಗೆ ನಿಂತು ಮೊಮ್ಮಗಳಿಗೆ ಕೈ ಬೀಸಿದರೆ ಅದಕ್ಕೆ ಖರ್ಚಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಕೂಡ ಮೊದಲಿಗೆ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತಿತ್ತು. ಬಾಗಿಲಲ್ಲಿ ಸಣ್ಣ ಪ್ರವೇಶ ಶುಲ್ಕ, ಒಳಗೆ ಆಟಕ್ಕೊಂದು ಚೀಟಿ. ಸಪ್ಪೆ ಆಟಗಳಿಗೆ ಎ ಚೀಟಿ, ಮೈ ನವಿರೇಳಿಸುವ ಆಟಗಳಿಗೆ ಇ ಚೀಟಿ ಎಂದು ದರ್ಜೆಗಳಿದ್ದವು. 1982ರಲ್ಲಿ ಈ ಚೀಟಿ ಪುಸ್ತಕಗಳು ನಿಂತುಹೋಗಿ, ಒಂದೇ ಟಿಕೆಟ್ ಕೊಂಡು ಎಷ್ಟು ಬೇಕಾದರೂ ಆಡುವ ಪದ್ಧತಿ ಬಂತು. ಇಂದು ನಾವು ಥೀಮ್ ಪಾರ್ಕ್ ಎಂದಾಗ ಕಣ್ಣ ಮುಂದೆ ಬರುವುದು ಈ ಎರಡನೆಯ ಪದ್ಧತಿಯೇ.

ಇವೆರಡರಲ್ಲಿ ಮಾಲೀಕನಿಗೆ ಯಾವುದು ಲಾಭ ಎಂಬ ಪ್ರಶ್ನೆಯನ್ನು ವಾಲ್ಟರ್ ಓಯಿ ಎಂಬ ಅರ್ಥಶಾಸ್ತ್ರಜ್ಞ 1971ರಲ್ಲೇ ಡಿಸ್ನಿಲ್ಯಾಂಡನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿಶ್ಲೇಷಿಸಿದ್ದ. ಬಂದವರೆಲ್ಲರ ಆಸಕ್ತಿ ಒಂದೇ ಬಗೆಯದಾಗಿದ್ದರೆ ಉತ್ತರ ಸರಳ: ಆಟದ ದರವನ್ನು ಅದನ್ನು ನಡೆಸುವ ಖರ್ಚಿನ ಮಟ್ಟಕ್ಕೆ ಇಳಿಸು, ಬಾಗಿಲಲ್ಲಿ ಆದಷ್ಟು ವಸೂಲಿ ಮಾಡು. ಒಳಗೆ ಎಲ್ಲವೂ ಉಚಿತ ಎಂಬ ಭಾವನೆ ಬಂದವರಿಗೆ ಖುಷಿ ಕೊಡುತ್ತದೆ. ಆ ಖುಷಿಯ ಬೆಲೆ ಆಗಲೇ ಬಾಗಿಲಲ್ಲಿ ಸಂದಾಯವಾಗಿರುತ್ತದೆ. ಆದರೆ ಮನೆಮಂದಿ ಎಲ್ಲರೂ ಒಂದೇ ಬಗೆಯವರಲ್ಲ. ಮಂಡಿ ನೋವಿನ ಅಜ್ಜಿಯೂ ಹದಿನೈದರ ಹುಡುಗನಷ್ಟೇ ದುಡ್ಡು ಕೊಟ್ಟು ಒಳಗೆ ಹೋಗಿ ನೆರಳಿನ ಬೆಂಚಿನ ಮೇಲೆ ದಿನ ಕಳೆಯುತ್ತಾಳೆ. ಕೂಡು ಕುಟುಂಬವಾಗಿ ಹೋಗುವ ರೂಢಿ ಇನ್ನೂ ಉಳಿದಿರುವ ನಮ್ಮ ಕಡೆಗೆ ಈ ಪದ್ಧತಿ ಹೊಂದುವುದೇ ಇಲ್ಲ.

ಒಂದೇ ಟಿಕೆಟ್ಟಿನ ಇನ್ನೊಂದು ಪರಿಣಾಮ ಸಾಲು. ಎಲ್ಲ ಆಟಗಳ ದರವೂ ಸೊನ್ನೆ ಆದಾಗ ಎಲ್ಲರೂ ಒಂದೇ ಆಟದತ್ತ ಓಡುತ್ತಾರೆ. ಅಲ್ಲಿ ದುಡ್ಡಿನ ಬದಲು ಸಮಯವೇ ದರವಾಗುತ್ತದೆ.

ಸಾಲಿನ ಲೆಕ್ಕ

ದೊಡ್ಡ ಆಟ ಒಂದರಲ್ಲಿ 24 ಜನ ಕೂರುತ್ತಾರೆ ಎಂದುಕೊಳ್ಳಿ. ಹತ್ತಿಸಿ, ಬೆಲ್ಟ್ ಬಿಗಿದು, ಆಡಿಸಿ, ಇಳಿಸಲು 3 ನಿಮಿಷ ಬೇಕು. ಗಂಟೆಗೆ 20 ಸುತ್ತು, ಅಂದರೆ 480 ಜನ. ಮುಂದೆ 600 ಜನ ನಿಂತಿದ್ದರೆ ನಿಮ್ಮ ಸರದಿ ಬರಲು 75 ನಿಮಿಷ ಬೇಕು. ಸಿಬ್ಬಂದಿ ಎಷ್ಟೇ ಚುರುಕಾಗಿದ್ದರೂ ಇದನ್ನು ಹೆಚ್ಚು ಕಡಿಮೆ ಮಾಡುವುದು ಕಷ್ಟ; ಬೆಲ್ಟ್ ಪರೀಕ್ಷಿಸುವುದರಲ್ಲಿ ಅವಸರ ಮಾಡಬಾರದು, ಮಾಡುವುದೂ ಬೇಡ.

ಈಗ ಅದೇ ಆಟಕ್ಕೆ ಹೆಚ್ಚು ದುಡ್ಡು ಕೊಟ್ಟವರಿಗೆಂದು ಇನ್ನೊಂದು ವೇಗದ ಸಾಲು ತೆರೆದು, ಅರ್ಧ ಸೀಟುಗಳನ್ನು ಅದಕ್ಕೆ ಮೀಸಲಿಟ್ಟರು ಎನ್ನೋಣ. ಯಂತ್ರ ಅದೇ, ಗಂಟೆಗೆ ಹತ್ತುವವರು ಅದೇ 480 ಜನ. ಆದರೆ ಸಾಮಾನ್ಯ ಸಾಲಿಗೆ ಉಳಿದದ್ದು 240 ಸೀಟು. ಆ ಸಾಲಿನಲ್ಲಿ ಮೊದಲಿನಂತೆಯೇ 600 ಜನ ಇದ್ದರೆ ಕಾಯುವ ಹೊತ್ತು 75 ನಿಮಿಷದಿಂದ 150 ನಿಮಿಷಕ್ಕೆ ಏರುತ್ತದೆ. ಸಾಮಾನ್ಯ ಸಾಲಿನ ಕೆಲವರು ವೇಗದ ಸಾಲಿಗೆ ಹೋಗುವುದರಿಂದ ನಿಜದಲ್ಲಿ ಏರಿಕೆ ಇದಕ್ಕಿಂತ ಕಡಿಮೆ ಇರಬಹುದು, ಆದರೆ ದಿಕ್ಕು ಇದೇ. ವೇಗದ ಸಾಲು ಒಂದೇ ಒಂದು ಹೊಸ ಸೀಟನ್ನೂ ಸೃಷ್ಟಿಸುವುದಿಲ್ಲ. ಒಬ್ಬರ ಸಮಯವನ್ನು ತೆಗೆದು ಇನ್ನೊಬ್ಬರಿಗೆ ಮಾರುತ್ತದೆ, ಹಣ ಮಾತ್ರ ಪಾರ್ಕಿಗೆ ಸೇರುತ್ತದೆ. ಸಾಮಾನ್ಯ ಸಾಲು ಉದ್ದವಾದಷ್ಟೂ ವೇಗದ ಸಾಲಿಗೆ ಗಿರಾಕಿ ಹೆಚ್ಚು. ಕಾಯುವುದನ್ನು ಕಡಿಮೆ ಮಾಡಲು ಹೊಸ ಯಂತ್ರ ತರುವ ಆತುರ ಇಂಥ ವ್ಯವಸ್ಥೆಯಲ್ಲಿ ಯಾರಿಗೂ ಇರುವುದಿಲ್ಲ. ಇಡೀ ವಿಷಯದಲ್ಲಿ ನನಗೆ ಅನ್ಯಾಯ ಎನಿಸುವುದು ಇದೇ.

ಡಿಸ್ನಿ ಪಾರ್ಕುಗಳಲ್ಲಿ 1999ರಲ್ಲಿ ಬಂದ ಫಾಸ್ಟ್‌ಪಾಸ್ ಉಚಿತವಾಗಿತ್ತು. ಹೊತ್ತು ಗೊತ್ತುಮಾಡಿಕೊಂಡು ಆ ಸಮಯಕ್ಕೆ ಬಂದರೆ ಸಾಕಿತ್ತು. ಕೋವಿಡ್ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕು 2020ರ ಮಾರ್ಚ್‌ನಿಂದ 2021ರ ಏಪ್ರಿಲ್ ಕೊನೆಯವರೆಗೆ ಮುಚ್ಚಿತ್ತು. ಮತ್ತೆ ತೆರೆದ ಮೇಲೆ ಆ ಉಚಿತ ವ್ಯವಸ್ಥೆ ಮರಳಲಿಲ್ಲ, 2021ರಲ್ಲೇ ಅದರ ಜಾಗಕ್ಕೆ ಹಣ ಕೊಟ್ಟು ಕೊಳ್ಳುವ ಸೇವೆ ಬಂತು. ದಿನಕ್ಕೊಂದು ದರ ಎಂಬ ಪದ್ಧತಿ ಅಲ್ಲಿ 2016ರಲ್ಲೇ ಶುರುವಾಗಿತ್ತು. ಅತಿ ದಟ್ಟಣೆಯ ದಿನದ ಟಿಕೆಟ್ 2024ರ ಅಕ್ಟೋಬರ್‌ನಲ್ಲಿ 200 ಡಾಲರ್ ದಾಟಿತು. ನಮ್ಮಲ್ಲಿ ಕೊಚ್ಚಿಯಲ್ಲಿ 2000ದಲ್ಲಿ, ಬಿಡದಿಯ ಬಳಿ 2005ರಲ್ಲಿ, ಹೈದರಾಬಾದಿನಲ್ಲಿ 2016ರಲ್ಲಿ ಆರಂಭವಾದ ವಂಡರ್‌ಲಾದಂಥ ಪಾರ್ಕುಗಳು ಬೆಳೆದದ್ದು ಒಂದೇ ಟಿಕೆಟ್ಟಿನ ಪದ್ಧತಿಯಲ್ಲಿ. ವಾರಾಂತ್ಯಕ್ಕೆ ಬೇರೆ ದರ, ವೇಗದ ಸಾಲಿಗೆ ಬೇರೆ ಟಿಕೆಟ್ ಎಂಬುದು ಈಗ ಇಲ್ಲಿಯೂ ಸಾಮಾನ್ಯ.

ಪಾರ್ಕಿನವರ ಕಷ್ಟವನ್ನೂ ಹೇಳಬೇಕು. ಈ ಉದ್ಯಮದ ಖರ್ಚಿನ ಬಹುಭಾಗ ಜನ ಬರಲಿ ಬಿಡಲಿ ಆಗಿಯೇ ಆಗುವಂಥದ್ದು. ಊರ ಹೊರಗಿನ ಹತ್ತಾರು ಎಕರೆ ಜಮೀನು, ಹೊರದೇಶದಿಂದ ತರಿಸುವ ಯಂತ್ರಗಳು ಮತ್ತು ಬಿಡಿಭಾಗಗಳು, ನೀರನ್ನು ದಿನವಿಡೀ ಶುದ್ಧೀಕರಿಸುವ ಪಂಪುಗಳು, ವಿಮೆ, ಪ್ರತಿ ಆಟದ ಬಳಿ ನಿಲ್ಲಲೇಬೇಕಾದ ತರಬೇತಿ ಪಡೆದ ಸಿಬ್ಬಂದಿ. ರೂಪಾಯಿ ಬೆಲೆ ಕುಸಿದರೆ ಯಂತ್ರದ ಬೆಲೆ ತಾನಾಗಿ ಏರುತ್ತದೆ. ಕಾರ್ಖಾನೆಯಲ್ಲಿ ಹೊಸ ಯಂತ್ರ ಬಂದರೆ ಅದೇ ಕೆಲಸಗಾರ ಹೆಚ್ಚು ಮಾಲು ತಯಾರಿಸಬಲ್ಲ. ಈಜುಕೊಳದ ದಡದಲ್ಲಿ ಕಣ್ಣಿಟ್ಟು ಕೂತ ಜೀವರಕ್ಷಕ ಮಾತ್ರ ಇಪ್ಪತ್ತು ವರ್ಷದ ಹಿಂದೆ ನೋಡಿಕೊಳ್ಳುತ್ತಿದ್ದಷ್ಟೇ ಮಕ್ಕಳನ್ನು ಇಂದೂ ನೋಡಿಕೊಳ್ಳಬಲ್ಲ. ಆದರೆ ಸಂಬಳ ಎಲ್ಲ ಕಡೆಯಂತೆ ಇಲ್ಲಿಯೂ ಏರಬೇಕು. ಅರ್ಥಶಾಸ್ತ್ರದಲ್ಲಿ ವಿಲಿಯಂ ಬಾಮೊಲ್ ಹೆಸರಿನಲ್ಲಿ ಪ್ರಸಿದ್ಧವಾದ ವಾದ ಇದು. ಶಾಲೆ, ಆಸ್ಪತ್ರೆ, ನಾಟಕ ಎಲ್ಲವೂ ತುಟ್ಟಿಯಾಗುತ್ತಾ ಹೋಗುವುದಕ್ಕೆ ಅವನು ಕೊಟ್ಟ ಕಾರಣ ಇದೇ.

ತೆರಿಗೆಯ ಪಾಲೂ ಇದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಇಂಥ ಪಾರ್ಕುಗಳ ಪ್ರವೇಶಕ್ಕೆ ಶೇ 28 ತೆರಿಗೆ ಬಿತ್ತು. 2018ರ ಜನವರಿಯಲ್ಲಿ ಅದನ್ನು ಶೇ 18ಕ್ಕೆ ಇಳಿಸಲಾಯಿತು. ಸಾವಿರ ರೂಪಾಯಿಯ ಟಿಕೆಟ್ಟಿಗೆ 180 ರೂಪಾಯಿ ಸೇರುತ್ತದೆ ಎಂದರೆ ನಾಲ್ಕು ಜನರ ಕುಟುಂಬಕ್ಕೆ ಅದು ಒಂದು ಹೊತ್ತಿನ ಊಟದ ದುಡ್ಡು.

ಹದಿನೈದು ಸಾವಿರ ಹೋದದ್ದೆಲ್ಲಿ

ಬಳ್ಳಾರಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗಂಡ, ಹೆಂಡತಿ, ಹದಿಮೂರರ ಮಗಳು, ಎಂಟರ ಮಗ. ಹೋಗುವುದು ಬೆಂಗಳೂರಿನ ಹೊರವಲಯದ ಪಾರ್ಕಿಗೆ. ಮುಂದೆ ಬರುವುದೆಲ್ಲ ನಾನು ಲೆಕ್ಕಕ್ಕೆ ಇಟ್ಟುಕೊಂಡ ದುಂಡು ಅಂಕಿಗಳು. ನೀವು ಹೋಗುವ ದಿನದ ದರ ಹಾಕಿಕೊಂಡು ಮಾಡಿ ನೋಡಬಹುದು.

ಮಗಳ ಎತ್ತರ ಮಕ್ಕಳ ಟಿಕೆಟ್ಟಿನ ಗೆರೆ ದಾಟಿದೆ, ಆದ್ದರಿಂದ ದೊಡ್ಡವರ ಟಿಕೆಟ್ ಮೂರು, ತಲಾ 1,500ರಂತೆ 4,500. ಮಗನಿಗೆ 1,200. ಒಟ್ಟು 5,700. ಒಳಗೆ ಊಟ ತಿಂಡಿಗೆ 1,500. ಲಾಕರ್‌ಗೆ, ನೀರಿಗೆ ಇಳಿಯಲು ಕಡ್ಡಾಯವಾದ ನೈಲಾನ್ ಉಡುಪಿಗೆ 1,000. ರೈಲಿನ ಸ್ಲೀಪರ್ ದರ್ಜೆಯಲ್ಲಿ ಹೋಗಿ ಬರಲು 2,000. ಐದರಿಂದ ಹನ್ನೆರಡು ವರ್ಷದ ಮಗುವಿಗೆ ಬೇರೆ ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ದರ. ನಿಲ್ದಾಣದಿಂದ ಪಾರ್ಕಿಗೆ ಹೋಗಿ ಬರಲು ಟ್ಯಾಕ್ಸಿಗೆ 2,500. ಒಂದು ರಾತ್ರಿಯ ಕೋಣೆಗೆ 2,500. ಕೂಡಿಸಿದರೆ 15,200. ಇದರಲ್ಲಿ ಟಿಕೆಟ್ಟಿನ ಪಾಲು ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ರೈಲು, ಟ್ಯಾಕ್ಸಿ, ಕೋಣೆ ಸೇರಿ 7,000 ರೂಪಾಯಿ ದೂರಕ್ಕೇ ಹೋಯಿತು. ಬೆಂಗಳೂರಿನಲ್ಲೇ ಇರುವ ಕುಟುಂಬಕ್ಕೆ ಈ 7,000ದ ಬಹುಪಾಲು ಇಲ್ಲ.

ಇನ್ನು ಸಮಯ. ಪಾರ್ಕು ಬೆಳಿಗ್ಗೆ 11ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚಿದರೆ 7 ಗಂಟೆ. ಊಟಕ್ಕೆ ಒಂದು ಗಂಟೆ, ಬಟ್ಟೆ ಬದಲಿಸಿ ಸಾಮಾನು ಇಡಲು ತೆಗೆಯಲು ಇನ್ನೊಂದು ಗಂಟೆ. ಉಳಿದದ್ದು 300 ನಿಮಿಷ. ಮೇ ತಿಂಗಳ ಭಾನುವಾರ ದೊಡ್ಡ ಆಟಕ್ಕೆ ಸರಾಸರಿ 45 ನಿಮಿಷ ಕಾಯಬೇಕು, ಆಡಿ ಮುಂದಿನ ಆಟಕ್ಕೆ ನಡೆಯಲು 5 ನಿಮಿಷ ಬೇಕು ಎಂದುಕೊಂಡರೆ ಇಡೀ ದಿನಕ್ಕೆ ಆರು ಆಟ. ಒಂದು ಆಟಕ್ಕೆ ಬಿದ್ದ ಖರ್ಚು 2,533 ರೂಪಾಯಿ. ಜನ ಕಡಿಮೆ ಇರುವ ಮಂಗಳವಾರ ಹದಿನೈದು ನಿಮಿಷ ಕಾದರೆ ಸಾಕು ಎಂದಾದರೆ ಹದಿನೈದು ಆಟ, ಒಂದಕ್ಕೆ 1,013 ರೂಪಾಯಿ. ಟಿಕೆಟ್ ದರ ಒಂದೇ ಎಂದು ಹಿಡಿದರೂ ಪಡೆದ ಮೌಲ್ಯದಲ್ಲಿ ಎರಡೂವರೆ ಪಟ್ಟು ಅಂತರ.

ಭಾನುವಾರವೇ ಹೋಗಿ ವೇಗದ ಸಾಲಿಗೆ ತಲಾ 1,000 ಹೆಚ್ಚು ಕೊಟ್ಟರೆ? ಖರ್ಚು 19,200 ಆಗುತ್ತದೆ, ಕಾಯುವುದು 20 ನಿಮಿಷಕ್ಕೆ ಇಳಿದರೆ ಹನ್ನೆರಡು ಆಟ ಸಿಗುತ್ತದೆ, ಒಂದಕ್ಕೆ 1,600. ಸಾಮಾನ್ಯ ಸಾಲಿನ 2,533ಕ್ಕಿಂತ ಇದು ಅಗ್ಗ! ದೂರದಿಂದ ಬಂದವರು ಬಾಗಿಲ ಬಳಿ ನಿಂತು ಮನಸ್ಸಿನಲ್ಲೇ ಈ ಲೆಕ್ಕ ಹಾಕುತ್ತಾರೆ. ಇಷ್ಟು ದೂರ ಬಂದಾಗಿದೆ, ಇಷ್ಟು ಖರ್ಚು ಮಾಡಿಯಾಗಿದೆ, ಇನ್ನು ನಾಲ್ಕು ಸಾವಿರಕ್ಕೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವುದೇಕೆ? ಆ ಯೋಚನೆಯಲ್ಲಿ ತಪ್ಪಿಲ್ಲ. ನಗರದ ನಿವಾಸಿ ಸಾಲು ನೋಡಿ, ಇನ್ನೊಂದು ವಾರ ಬಂದರಾಯಿತು ಎನ್ನಬಲ್ಲ. ತೋರಣಗಲ್ಲಿನಿಂದಲೋ ಕುಷ್ಟಗಿಯಿಂದಲೋ ಬಂದವರಿಗೆ ಆ ಮಾತು ಆಡಲು ಸಾಧ್ಯವಿಲ್ಲ. ಹೆಚ್ಚು ಖರ್ಚು ಮಾಡಿ ಬಂದವರೇ ಬಾಗಿಲಲ್ಲಿ ಮತ್ತೆ ಹೆಚ್ಚು ಕೊಡುವಂತಾಗುತ್ತದೆ.

ನಾವು ಭಾನುವಾರವೇ, ಮೇ ತಿಂಗಳಲ್ಲೇ ಹೋಗುವುದೇಕೆ ಎಂಬುದಕ್ಕೂ ಕಾರಣಗಳಿವೆ. ಶಾಲೆಗೆ ಬೇಸಿಗೆಯಲ್ಲಿ ಒಮ್ಮೆ, ದಸರೆಯಲ್ಲಿ ಒಮ್ಮೆ ರಜೆ. ಇಡೀ ರಾಜ್ಯದ ಮಕ್ಕಳಿಗೆ ರಜೆ ಬೀಳುವುದೂ ಆಗಲೇ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ರಜೆ ಹಾಕಿದ ಪ್ರತಿ ದಿನವೂ ಕೂಲಿ ಖೋತಾ. ಗಂಡ ಹೆಂಡತಿ ಇಬ್ಬರೂ ಹೊಲಿಯುವವರಾದರೆ ಖೋತಾ ಎರಡು ಪಟ್ಟು. ಮೇಲಿನ 15,200ರಲ್ಲಿ ಇದು ಸೇರಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವರಿಗೆ ಒಂದು ಅನುಕೂಲ ಇದೆ: ವಾರದ ರಜೆ ಮಂಗಳವಾರವೋ ಬುಧವಾರವೋ ಬಿದ್ದರೆ ಅವರು ಅದನ್ನು ಬಳಸಿಕೊಳ್ಳಬಹುದು.

ಎತ್ತರದ ಗೆರೆಯ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಮಕ್ಕಳು ಅಳುವುದು ಅಲ್ಲಿಯೇ. ಹಲವು ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. ಅದೇ ಎತ್ತರ ಆಟಗಳ ಬಾಗಿಲಲ್ಲೂ ಮತ್ತೆ ಎದುರಾಗುತ್ತದೆ. ಎಂಟು ವರ್ಷದ ಮಗನಿಗೆ ಟಿಕೆಟ್ ಕೊಂಡಾಗಿದೆ, ಆದರೆ ಅವನು ದಾರಿಯುದ್ದಕ್ಕೂ ಕನಸು ಕಂಡ ಆ ದೊಡ್ಡ ಆಟಕ್ಕೆ ಅವನು ನಾಲ್ಕು ಬೆರಳು ಗಿಡ್ಡ. ಅವನ ಜೊತೆ ಅಮ್ಮನೋ ಅಪ್ಪನೋ ಕೆಳಗೆ ಉಳಿಯಬೇಕು. ಈ ನಿಯಮ ಸುರಕ್ಷತೆಗಾಗಿ ಇರುವುದು, ಅದನ್ನು ಸಡಿಲಿಸಿ ಎಂದು ಯಾರೂ ಕೇಳಬಾರದು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳತೆ ತೆಗೆದು, ಪಾರ್ಕಿನ ಜಾಲತಾಣದಲ್ಲಿ ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂದು ನೋಡಿಕೊಂಡರೆ, ಎರಡು ವರ್ಷ ತಡೆದು ಹೋಗುವುದೇ ಒಳ್ಳೆಯದು ಎಂಬ ತೀರ್ಮಾನಕ್ಕೆ ಹಲವು ಮನೆಗಳು ಬರುತ್ತವೆ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಕೊಡುವ ಸಲಹೆಯೂ ಅದೇ.

ಊಟದ ವಿಷಯ ಇನ್ನೊಂದು ನೋವು. ಪ್ರಯಾಣ ಎಂದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬುತ್ತಿ ಕಟ್ಟಿಕೊಂಡು ಹೊರಡುವ ಸೀಮೆ ನಮ್ಮದು. ಅನೇಕ ಪಾರ್ಕುಗಳು ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ. ಚಿತ್ರಮಂದಿರಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ, ಖಾಸಗಿ ಜಾಗದ ಮಾಲೀಕರು ಹೊರಗಿನ ತಿನಿಸನ್ನು ನಿರ್ಬಂಧಿಸಬಹುದು, ಆದರೆ ಶುದ್ಧ ಕುಡಿಯುವ ನೀರು ಉಚಿತವಾಗಿ ಸಿಗಬೇಕು ಎಂಬ ನಿಲುವು ತಳೆಯಿತು. ಆ ತೀರ್ಪು ಬಂದದ್ದು ಚಿತ್ರಮಂದಿರಗಳ ಬಗ್ಗೆ. ಪಾರ್ಕಿನ ಮಾಲೀಕರಿಗೆ ಊಟದ ಮಳಿಗೆ, ಅಂಗಡಿ, ಲಾಕರ್‌ಗಳಿಂದ ಬರುವ ವರಮಾನ ಸಣ್ಣದಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳು ಟಿಕೆಟ್ಟಿನ ಆದಾಯ ಮತ್ತು ಟಿಕೆಟ್ಟೇತರ ಆದಾಯವನ್ನು ಬೇರೆ ಬೇರೆಯಾಗಿಯೇ ಲೆಕ್ಕ ತೋರಿಸುತ್ತವೆ. ಬುತ್ತಿಯನ್ನು ಬೆಳಗಿನ ತಿಂಡಿಗೆ ಮತ್ತು ವಾಪಸಾಗುವ ರೈಲಿಗೆ ಉಳಿಸಿಕೊಂಡರೆ ಒಳಗಿನ ಖರ್ಚು ಒಂದು ಹೊತ್ತಿಗೆ ಸೀಮಿತವಾಗುತ್ತದೆ.

ದೂರದ ಖರ್ಚಿನಲ್ಲೂ ಉಳಿಸುವ ಜಾಗಗಳಿವೆ. ಬೆಂಗಳೂರಿನ ನೇರಳೆ ಮೆಟ್ರೊ ಮಾರ್ಗ 2023ರ ಅಕ್ಟೋಬರ್‌ನಿಂದ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ ಹೋಗುತ್ತದೆ. ಬಿಡದಿ ಕಡೆಗೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ಹತ್ತಿ ಅಲ್ಲಿ ಇಳಿದು ಬಸ್ ಅಥವಾ ಆಟೊ ಹಿಡಿದರೆ ಟ್ಯಾಕ್ಸಿಯ 2,500 ಅರ್ಧಕ್ಕಿಂತ ಕೆಳಗಿಳಿಯುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಸ್ಲೀಪರ್ ಮತ್ತು ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಸರ್ಕಾರಿ ಬಸ್ ದರ 2025ರ ಜನವರಿಯಲ್ಲಿ ಶೇ 15 ಏರಿದ ಮೇಲೆ ಗಂಡಸರ ಟಿಕೆಟ್ ಭಾರವಾಗಿದೆ, ಆದ್ದರಿಂದ ಬಳ್ಳಾರಿಯವರಿಗೆ ರಾತ್ರಿಯ ರೈಲೇ ಈಗಲೂ ಮೇಲು. ರಾಯಚೂರಿನವರ ಸ್ಥಿತಿ ಉತ್ತಮ. ಹೈದರಾಬಾದ್ ಹತ್ತಿರ ಇರುವುದರಿಂದ ನಸುಕಿನಲ್ಲಿ ಹೊರಟರೆ ರಾತ್ರಿಗೆ ಮನೆ ಸೇರಬಹುದು, ಕೋಣೆಯ ಖರ್ಚು ಉಳಿಯುತ್ತದೆ, ವಾರದ ನಡುವೆ ಒಂದೇ ದಿನ ರಜೆ ಹಾಕಿದರೂ ಸಾಕು.

ದೂರವೇ ಹೋಗದೆ ಇಲ್ಲೇ ಖುಷಿ ಪಡಬಹುದಲ್ಲ ಎನ್ನುವವರಿದ್ದಾರೆ. ಅಂಜನಾದ್ರಿಯ 575 ಮೆಟ್ಟಿಲು, ಸಣಾಪುರದ ಹರಿಗೋಲು, ತುಂಗಭದ್ರಾ ಜಲಾಶಯದ ಉದ್ಯಾನ, ಸಂಡೂರಿನ ಕಾಡು, ರಾಯಚೂರಿನ ಕೋಟೆ ಎಲ್ಲವೂ ನನಗೆ ಪ್ರಿಯವೇ. ಆದರೆ ಮೇ ತಿಂಗಳ ಮಧ್ಯಾಹ್ನ ಬಂಡೆಗಲ್ಲಿನ ಬೆಟ್ಟ ಹತ್ತಲು ಮಕ್ಕಳನ್ನು ಕರೆದೊಯ್ಯಲಾಗದು. ಅವರಿಗೆ ಬೇಕಿರುವುದು ನೀರು. ನಮ್ಮಲ್ಲಿ ನದಿ ಇದೆ, ಕೆರೆ ಇದೆ, ಎಡದಂಡೆ ಬಲದಂಡೆ ಕಾಲುವೆಗಳಿವೆ. ಅವುಗಳಲ್ಲಿ ಇಳಿದ ಮಕ್ಕಳು ಮುಳುಗಿದ ಸುದ್ದಿಯನ್ನೂ ಬೇಸಿಗೆಯಲ್ಲಿ ಮತ್ತೆ ಮತ್ತೆ ಓದುತ್ತೇವೆ. ಕಾವಲಿರುವ, ಶುದ್ಧ ನೀರಿನ, ಹೆಣ್ಣುಮಕ್ಕಳೂ ನಿರ್ಭಯವಾಗಿ ಇಳಿಯಬಹುದಾದ ಈಜುಕೊಳ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಇರಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ. ಸುಡುವ ಜಿಲ್ಲೆಗಳ ಮಕ್ಕಳು ನೀರಾಡಲು 300 ಕಿಲೋಮೀಟರ್ ದೂರ ಹೋಗಬೇಕಾಗಿರುವುದಕ್ಕೆ ಪಾರ್ಕಿನವರನ್ನು ದೂರಿ ಪ್ರಯೋಜನವಿಲ್ಲ; ಅದನ್ನು ನಮ್ಮ ನಗರಸಭೆ, ಜಿಲ್ಲಾಡಳಿತಗಳನ್ನು ಕೇಳಬೇಕು.

ಹೋಗಲು ನಿರ್ಧರಿಸಿದವರು ಟಿಕೆಟ್ ಕೊಳ್ಳುವ ಮುನ್ನ ಎರಡು ಸಂಗತಿ ಓದಿಕೊಳ್ಳಿ: ದಿನಾಂಕ ಬದಲಿಸಲು ಅವಕಾಶ ಇದೆಯೇ, ಮಳೆ ಬಂದರೆ ಅಥವಾ ಆಟ ಕೆಟ್ಟು ನಿಂತರೆ ಏನು ಮಾಡುತ್ತಾರೆ. ಜಾಹೀರಾತಿನಲ್ಲಿ ತೋರಿಸಿದ ಪ್ರಮುಖ ಆಟಗಳು ಮುಚ್ಚಿದ್ದು ಅದನ್ನು ಮೊದಲೇ ತಿಳಿಸದಿದ್ದರೆ, ಅಥವಾ ಹಣ ಪಡೆದ ವೇಗದ ಸಾಲು ಕೆಲಸ ಮಾಡದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ದೂರು ಕೊಡಬಹುದು. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಿಂದ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಹೊಸ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ ಪಾರ್ಕು ಬೆಂಗಳೂರಿನಲ್ಲಿದ್ದರೂ ಬಳ್ಳಾರಿಯವರು ಬಳ್ಳಾರಿಯಲ್ಲೇ ಪ್ರಕರಣ ನಡೆಸಬಹುದು. ಟಿಕೆಟ್ಟಿನ ಪ್ರತಿ, ಹಣ ಪಾವತಿಸಿದ ರಸೀದಿ, ಮುಚ್ಚಿದ ಆಟದ ಮುಂದಿನ ಫಲಕದ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡಿರಿ.